ಕನ್ನಡಕದೊಳಗಿನ ಹುಡುಗರು

ಅರಸೀಕೆರೆಯ ವ್ಯಸನಮುಕ್ತಿ ಕೇಂದ್ರದಲ್ಲಿ ಶರತ್‌ಚಂದ್ರ ದಿನಾ, ಇಲ್ಲದ ಲೋಕವನ್ನು ಕಣ್ಣೆದುರೇ ಇದ್ದಂತೆ ತೋರಿಸುವ ದಪ್ಪನೆಯ ವಿಆರ್ ಕನ್ನಡಕ ಹಾಕಿಕೊಂಡು, ಅದರೊಳಗಿನ ಬಾರಿನಲ್ಲಿ ಗ್ಲಾಸು ಚಾಚುವ ಹುಡುಗರಿಗೆ 'ಬೇಡ' ಎನ್ನುವುದನ್ನು ರೂಢಿಸಿಕೊಳ್ಳುತ್ತಿದ್ದ. ತನ್ನೂರು ಗಂಡಸಿಯಿಂದ ಅವನನ್ನು ನೋಡಲು ಬಂದ ಅವ್ವ ರುದ್ರಮ್ಮ, "ಅದ್ರಲ್ಲಿ ಅಂಥಾದ್ದೇನೈತೆ, ನಾನೂ ನೋಡ್ತೀನಿ" ಎಂದು ಹಠ ಹಿಡಿದಳು. ಆಪ್ತಸಮಾಲೋಚಕಿ ಅರುಣಾ ನಗುತ್ತ ತೊಡಿಸಿದರು.

ರುದ್ರಮ್ಮ ಬೆಚ್ಚಿದಳು. ಮರುಗಳಿಗೆಯೇ ಖಾಲಿ ಗೋಡೆಯನ್ನು ಗದರತೊಡಗಿದಳು: "ಯಾರ್ ಮಕ್ಕಳ್ರಪ್ಪಾ ನೀವು? ಕುಡಿದಿದ್ದು ಸಾಕು, ಎದ್ದು ಮನೆಗೆ ಹೋಗಿ. ನಿಮ್ಮವ್ವ ಉಣ್ಣದೆ ಕಾಯ್ತಾ ಕುಂತಿರ್ತಾಳೆ."

ನಗುತ್ತಿದ್ದ ಶರತ್‌ಚಂದ್ರ ಎದ್ದು ಅವ್ವನ ಬಳಿ ಬಂದ. ಇಷ್ಟು ವರ್ಷ ಅವ್ವ ಹಸಿದು ಕೂತಿರುತ್ತಿದ್ದಳು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವಳ ಮುಖದಿಂದ ಕನ್ನಡಕ ತೆಗೆದು, ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ಊಟ ಆಯ್ತೇನವ್ವಾ?"