ಪಕ್ಕದ ಮಂಚ ಮತ್ತು ಎಲುಬಿನ ಸಾರು

ಬುದೈ ಊರಿನ ಡಯಾಲಿಸಿಸ್ ಕೋಣೆಯಲ್ಲಿ ಬೀಯುನ್‌ಳ ಮಂಚ ಬಾಗಿಲ ಬಳಿ, ಗಂಡ ತಿಯೆನ್‌ಫುವಿನದು ಆ ತುದಿಯ ಮೂಲೆಯಲ್ಲಿ. ಅವನ ರಕ್ತದಲ್ಲಿ ಕಾಮಾಲೆಯ ವೈರಸ್ ಇತ್ತು. ಅಂಥವರ ಪಕ್ಕದ ಮಂಚ, ಲಸಿಕೆ ಮೈಗೆ ಹಿಡಿದವರಿಗೆ ಮಾತ್ರ. ಬೀಯುನ್‌ಗೆ ಎರಡು ಸುತ್ತು ಚುಚ್ಚಿದರೂ ಹಿಡಿದಿರಲಿಲ್ಲ.

“ಮೂವತ್ತು ವರ್ಷ ಒಂದೇ ಹಾಸಿಗೇಲಿ ಮಲಗಿದ್ರೂ ಅಂಟ್ಲಿಲ್ಲ, ಇಲ್ಲಿ ಅಂಟುತ್ತಂತೆ!” ಎಂದು ಗೊಣಗಿದಳು.

“ಮನೇಲಿ ನಿಮ್ಮ ರಕ್ತ ಕೊಳವೇಲಿ ಹರೀತಿತ್ತಾ, ಅಕ್ಕಾ?” ಎಂದಳು ನರ್ಸ್ ಯಾಹುಯಿ.

ಗೊಣಗಾಟಕ್ಕೆ ಕಾರಣವಿತ್ತು. ಹೋದ ತಿಂಗಳು ರಕ್ತದೊತ್ತಡ ಕುಸಿದಾಗ ತಿಯೆನ್‌ಫುವಿನ ಕೈ ಗಾಳಿಯಲ್ಲಿ ತಡಕಾಡಿತ್ತು. ಯಂತ್ರಕ್ಕೆ ಕಟ್ಟುಬಿದ್ದಿದ್ದ ಅವಳು ದೂರದಿಂದ ನೋಡಿದ್ದಷ್ಟೇ. ಅಂದಿನಿಂದ ಅವಳದು ಒಂದೇ ಹಟ, ಆ ಪಕ್ಕದ ಮಂಚ ಬೇಕು.

ಡಾಕ್ಟರ್ ಕೋ ಹೊಸ ವರದಿ ಹಿಡಿದು ಬಂದರು.

“ಕುತ್ತಿಗೆಯ ಗ್ರಂಥಿಯ ಹಾರ್ಮೋನು ಆಕಾಶಕ್ಕೇರಿದೆ. ಅದು ಹೀಗೆ ಏರಿದ್ರೆ ಮೈಯ ಕಾವಲು ತೂಕಡಿಸುತ್ತೆ. ಲಸಿಕೆ ಹಿಡೀದೆ ಇರೋಕೆ ಅದೂ ಒಂದು ಕಾರಣ. ಏನು ತಿಂತಿದ್ದೀರಿ?”

“ತಿನ್ನೋದೇನು, ಹುಲ್ಲು! ನೀವು ಹೇಳಿದ್ದೇ.”

“ಕುಡಿಯೋದು?”

“ಎಲುಬಿನ ಸಾರು, ಬಲಕ್ಕೆ,” ಎಂದು ಬೀಯುನ್ ಮೂಲೆಯ ಮಂಚದತ್ತ ನೋಡಿ ಮೆಲ್ಲಗೆ ಹೇಳಿದಳು. ಚಳಿಗಾಲ ಕಾಲಿಡುವ ದಿನ ಮನೆಮನೆಯಲ್ಲೂ ಬಲಕ್ಕೆಂದು ಕುದಿಯುವ ಹಂದಿ ಎಲುಬಿನ ಸಾರನ್ನು ತಿಯೆನ್‌ಫು ವರ್ಷಪೂರ್ತಿ ಕುದಿಸುತ್ತಿದ್ದ. ಮೈಗೆ ಬಲ ಬಂದರೆ ಲಸಿಕೆ ತಾನಾಗಿಯೇ ಹಿಡಿಯುತ್ತದೆಂಬುದು ಅವನ ಶಾಸ್ತ್ರ. ತಾನು ಒಂದು ಗುಟುಕೂ ಕುಡಿಯದೆ ಎಲ್ಲ ಅವಳಿಗೇ ಕೊಡುತ್ತಿದ್ದ.

“ಅದರಲ್ಲಿರೋದು ಬಲ ಅಲ್ಲ, ರಂಜಕ,” ಎಂದರು ಡಾಕ್ಟರ್. “ಆ ಗ್ರಂಥಿಗೆ ಅದೇ ಚಾಟಿ.”

ಅವಳಿಗೆ ನಗು, ಸಿಟ್ಟು ಎರಡೂ ಬಂದವು. ಮನೆಗೆ ಬಂದವಳೇ ಸಾರಿನ ಪಾತ್ರೆಯನ್ನು ಬಚ್ಚಲಿಗೆ ಬಗ್ಗಿಸಿದಳು. ನಿಜ ಹೇಳಿದರೆ ಗಂಡ ಕುಗ್ಗಿಹೋಗುತ್ತಾನೆಂದು “ಬಾಯಿಗೆ ಹಿಡಿಸ್ತಿಲ್ಲ” ಎಂದಳು. ಅವನು ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡಿದ.

ಡಾಕ್ಟರ್ ಕೊಟ್ಟ ಮಾತ್ರೆ ನುಂಗಿದಳು, ಹಾರ್ಮೋನು ಮೆಲ್ಲಗೆ ಇಳಿಯಿತು. ಮತ್ತೊಂದು ಸುತ್ತು ಚುಚ್ಚಿಸಿಕೊಂಡಳು. ಈ ಸಲ ಹಿಡಿಯಿತು.

ಪಕ್ಕದ ಮಂಚಕ್ಕೆ ಬಂದ ದಿನ ಯಾಹುಯಿ ಸಂಭ್ರಮದಲ್ಲಿ ಬಾಯಿಬಿಟ್ಟಳು. “ನೋಡಿದ್ರಾ ಅಣ್ಣಾ, ಎಲುಬಿನ ಸಾರು ಬಿಟ್ಟಿದ್ದಕ್ಕೆ ಅಕ್ಕ ಇಲ್ಲಿಗೆ ಬಂದ್ರು!”

ತಿಯೆನ್‌ಫು ಹೆಂಡತಿಯತ್ತ ತಲೆ ಹೊರಳಿಸಿದ.

“ಅಂದ್ರೆ ಇಷ್ಟು ದಿನ ನಿನ್ನ ದೂರ ಇಟ್ಟಿದ್ದು ನಾನೇನಾ?”

“ಹೂಂ, ನೀನೇ,” ಎಂದಳು ಬೀಯುನ್. “ದಿನಾ ಒಂದ್ ಬಟ್ಟಲು. ಎಷ್ಟು ರುಚಿಯಾಗಿತ್ತು ಗೊತ್ತಾ?”