ಮುದ್ರೆ ಸಾಹೇಬರು ಮತ್ತು ಚಳಿಹುಂಜ

ನಮ್ಮ ಭಾವನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ದಾರಿ ಕೇಳಿದ ಅಪರಿಚಿತನಿಗೂ, ಕಾಯಿಲೆಯ ಹೆಸರು ಕೇಳಿದ ನೆಂಟನಿಗೂ, ನಾಳೆ ಬಿಸಿಲೋ ಮೋಡವೋ ಎಂದು ತನ್ನಷ್ಟಕ್ಕೆ ಗೊಣಗಿಕೊಂಡ ಹಾಲಿನವಳಿಗೂ ಅವರು ಕಡ್ಡಿ ತುಂಡು ಮಾಡಿದ ಹಾಗೆ ಉತ್ತರ ಕೊಡುತ್ತಿದ್ದರು. ಕೊಡುವ ಮೊದಲು ಗದ್ದವನ್ನು ಕೊಂಚ ಮೇಲೆತ್ತಿ, ಎಡಗಣ್ಣನ್ನು ಅರ್ಧ ಮುಚ್ಚಿ, “ಇದರಲ್ಲೇನಿದೆ, ವಿಷಯ ಸರಳ” ಎನ್ನುತ್ತಿದ್ದರು. ಅವರು ಸರಳವೆಂದ ವಿಷಯಗಳಲ್ಲಿ ಅರ್ಧಕ್ಕರ್ಧ ತಪ್ಪಾಗಿರುತ್ತಿದ್ದವು. ಆದರೂ ಆ ಗದ್ದದ ಗಾಂಭೀರ್ಯದ ಮುಂದೆ ಸತ್ಯಕ್ಕೇ ಸಂಕೋಚವಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆಯ ಕಚೇರಿಯಲ್ಲಿದ್ದು, ಅಂಗಡಿ ಅಂಗಡಿಯ ತಕ್ಕಡಿಗಳನ್ನೂ ತೂಕದ ಬಟ್ಟುಗಳನ್ನೂ ಪರೀಕ್ಷಿಸಿ ಮುದ್ರೆ ಒತ್ತಿದವರು. ಊರು ಅವರಿಗಿಟ್ಟ ಹೆಸರೇ ಮುದ್ರೆ ಸಾಹೇಬರು. ಕಂದು ಬಣ್ಣದ ಉಣ್ಣೆಯ ಕೋಟೊಂದನ್ನು ನಿವೃತ್ತಿಯ ನಂತರವೂ ಮೈಯಿಂದ ಕಳಚಲಿಲ್ಲ. ಮುದ್ರೆಯೊತ್ತುವ ಉಕ್ಕಿನ ಅಚ್ಚನ್ನು ಹೊತ್ತು ಹೊತ್ತು ಅದರ ಬಲಗಡೆಯ ಜೇಬು ಜೋತುಬಿದ್ದಿತ್ತು. ಜೇಬು ಖಾಲಿಯಾದ ಮೇಲೂ ಭಾವ ಆ ಕಡೆಗೆ ಒಂದಿಷ್ಟು ವಾಲಿಕೊಂಡೇ ನಡೆಯುತ್ತಿದ್ದರು.

ಮುದ್ರೆ ಒತ್ತಲು ಏನೂ ಉಳಿಯದಿದ್ದಾಗ ಅವರ ಕಣ್ಣು ಕೋಳಿಮರಿಗಳ ಮೇಲೆ ಬಿತ್ತು, ಅದೂ ಸಿಲ್ಕಿ ಜಾತಿಯ ಮರಿಗಳ ಮೇಲೆ. ಪುಕ್ಕದ ಬದಲು ಹಿಂಜಿದ ಅರಳೆಯಂಥ ಕೂದಲು, ಕಪ್ಪು ಚರ್ಮ, ಕಾಲಿಗೆ ಐದೈದು ಬೆರಳು. ಬ್ರಹ್ಮ ಮೊಲ ಮಾಡಲು ಹೊರಟು ನಡುವೆ ಮನಸ್ಸು ಬದಲಾಯಿಸಿದನೇನೋ ಎನ್ನಿಸುವ ಪಕ್ಷಿ. ಬೇರೆ ಜಾತಿಗಳಲ್ಲಿ ಹೇಂಟೆ ಯಾವುದು, ಹುಂಜ ಯಾವುದು ಎಂಬುದು ಬೇಗ ತಿಳಿದುಬಿಡುತ್ತದೆ. ಇವು ಮಾತ್ರ ನಾಲ್ಕೈದು ತಿಂಗಳು, ಕೂಗುವವರೆಗೆ ಇಲ್ಲವೇ ಮೊಟ್ಟೆಯಿಡುವವರೆಗೆ, ಪಳಗಿದವರಿಗೂ ಗುಟ್ಟು ಬಿಟ್ಟುಕೊಡುವುದಿಲ್ಲ. ಭಾವ ಆರನೆಯ ವಾರಕ್ಕೇ ತೀರ್ಪು ಕೊಡುತ್ತಿದ್ದರು. ತಲೆಯ ಮೇಲಿನ ಕುಚ್ಚು ದುಂಡಗಿದ್ದರೆ ಹೇಂಟೆ, ಅದಕ್ಕೆ ಬಿಳಿ ದಾರ. ಹಿಂದಕ್ಕೆ ಬಾಚಿದಂತಿದ್ದರೆ ಹುಂಜ, ಅದಕ್ಕೆ ಕೆಂಪು ದಾರ. ಕಾಲಿಗೆ ದಾರ ಕಟ್ಟುವವಳು ನನ್ನ ಅಕ್ಕ.

ಕಟ್ಟುವುದಷ್ಟೇ ಅಲ್ಲ, ಅವುಗಳ ಜೀವ ಉಳಿಸುವವಳೂ ಅವಳೇ. ಆ ಅರಳೆಯಂಥ ಮೈ ನೀರನ್ನು ತಡೆಯುವುದಿಲ್ಲ. ಒಮ್ಮೆ ನೆನೆದರೆ ಚಳಿ ನೇರ ಎಲುಬಿಗೇ ಇಳಿಯುತ್ತದೆ. ಹಿಂದಿನ ಸಾಮಾನಿನ ಕೋಣೆಯಲ್ಲಿ ಹಳೆಯ ಮರದ ಪೆಟ್ಟಿಗೆ, ಅದರೊಳಗೆ ಮರದ ಹೊಟ್ಟು, ಮೇಲೆ ಸರಪಳಿಗೆ ತೂಗುಬಿಟ್ಟ ಬಲ್ಬು. ಮರಿಗಳು ಮುಳುಗದಿರಲೆಂದು ನೀರಿನ ಬಟ್ಟಲಿಗೆ ಬೆಣಚುಕಲ್ಲು ಹಾಕುವಳು. ಭಾವ ತಂದಿಟ್ಟ ಉಷ್ಣಮಾಪಕ ಮೊಳೆಗೆ ನೇತಾಡುತ್ತಿದ್ದರೂ ಅವಳು ನೋಡುತ್ತಿದ್ದುದು ಮರಿಗಳನ್ನು. ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಸರಪಳಿಯ ಒಂದು ಕೊಂಡಿ ಇಳಿಸುವಳು. ಮೂಲೆಗೆ ಸರಿದು ಬಾಯಿ ತೆರೆದರೆ ಒಂದು ಕೊಂಡಿ ಏರಿಸುವಳು. ಎರಚಿದ ಕಾಳಿನಂತೆ ಅಲ್ಲಲ್ಲಿ ಹರಡಿಕೊಂಡರೆ ಮಾತ್ರ ಬಂದು ಊಟಕ್ಕೆ ಕೂರುವಳು.

ಹೀಗೆ ದಿನವಿಡೀ ಕಣ್ಣಿಟ್ಟವಳಿಗೆ ಗಂಡನ ದಾರಗಳ ತಪ್ಪು ಕಾಣದಿರುತ್ತದೆಯೇ? ಮೂರನೆಯ ತಿಂಗಳಿಗೆ ಯಾವುದರ ಕಾಲು ದಪ್ಪವಾಯಿತು, ಯಾವುದರ ಜುಟ್ಟು ಅಗಲವಾಯಿತು, ನೆರಳು ಬಿದ್ದರೆ ಯಾವುದು ಓಡದೆ ಎದೆಯೆತ್ತಿ ನಿಲ್ಲುತ್ತದೆ ಎಂದು ನೋಡಿ, ಮರಿಗಳು ಮಾರಾಟವಾಗಿ ಮನೆ ಬಿಡುವ ಮೊದಲು ಕೆಂಪು ಬಿಳಿಗಳನ್ನು ಸದ್ದಿಲ್ಲದೆ ಅದಲುಬದಲು ಮಾಡಿಬಿಡುತ್ತಿದ್ದಳು. ಹೆಸರು ಮಾತ್ರ ಸಾಹೇಬರದು. “ನಿಮ್ಮ ಭಾವ ಒಂದೇ ಒಂದು ಸಲ, ‘ಇದನ್ನ ಅವಳನ್ನೇ ಕೇಳಿ’ ಅಂದ್ರೆ ಸಾಕಿತ್ತು ಕಣೋ” ಎಂದು ಅಕ್ಕ ನನ್ನೆದುರು ನಕ್ಕಿದ್ದಳು. ಅವಳಿಗೆ ಬೇಕಿದ್ದುದು ಅಷ್ಟೇ, ಮತ್ತು ಅದನ್ನು ಅವಳು ಅಪ್ಪಿತಪ್ಪಿಯೂ ಕೇಳಿ ಪಡೆಯುವವಳಲ್ಲ.

ಒಂದು ಚಳಿಗಾಲ ರೋಗಿಗಳ ಆರೈಕೆಮನೆಯ ಮೇಲ್ವಿಚಾರಕಿ ಬಂದರು. ಅಲ್ಲಿಯ ತೋಟಕ್ಕೆ, ರೋಗಿಗಳು ಮಡಿಲಲ್ಲಿಟ್ಟುಕೊಳ್ಳಲು, ಹನ್ನೆರಡು ಹೇಂಟೆ ಬೇಕಿತ್ತು. ಒಂದೂ ಹುಂಜ ಇರಕೂಡದು. ನಿದ್ದೆ ಬಾರದವರ ಮನೆಯಲ್ಲಿ ಕೂಗುವ ಕೋಳಿ ಯಾರಿಗೆ ಬೇಕು? ಬಿಳಿ ದಾರದ ಹನ್ನೆರಡನ್ನು ಭಾವ ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ, ಮೊದಲ ಬಾರಿಗೆ, ಹೊರಗಿನವರ ಎದುರು ಬಾಯಿಬಿಟ್ಟಳು.

“ಇನ್ನೊಂದು ತಿಂಗಳು ಬಿಟ್ಟು ತಗೊಂಡು ಹೋಗಿ. ಅದರಲ್ಲಿ ಐದರ ಮೇಲೆ ನನಗೆ ಅನುಮಾನ.”

ಭಾವ ತಿರುಗಿಯೂ ನೋಡಲಿಲ್ಲ. “ಇವಳ ಕೆಲಸ ಬಲ್ಬು ಹಾಕೋದು, ಆರಿಸೋದು. ಮಿಕ್ಕಿದ್ದು ನನಗೆ ಬಿಡಿ.”

ಮೇಲ್ವಿಚಾರಕಿ ನಕ್ಕರು. ನಾನೂ ನಕ್ಕೆ, ಕೈಯಲ್ಲಿ ಭಾವನ ಮನೆಯ ಚಹಾ ಇತ್ತು. ಅಕ್ಕ ಒಳಗೆ ಹೋದಳು. ಆ ಸಲ ಅವಳು ದಾರಗಳನ್ನು ಮುಟ್ಟಲಿಲ್ಲ.

ಎರಡು ತಿಂಗಳಿಗೆ ಆರೈಕೆಮನೆಯಲ್ಲಿ ಐದು ಹುಂಜಗಳು ಸರದಿಯ ಮೇಲೆ ಕೂಗತೊಡಗಿದವು. ಮೇಲ್ವಿಚಾರಕಿ ಬುಟ್ಟಿಯ ಸಮೇತ ಬಂದು ಅವನ್ನು ನಡುಮನೆಯಲ್ಲಿ ಇಳಿಸಿದಾಗ, ಸುಳ್ಳೇಕೆ, ನನಗೆ ಒಳಗೊಳಗೇ ಹಿಗ್ಗಾಯಿತು. ಇವತ್ತು ಸಾಹೇಬರ ಮುದ್ರೆ ಸವೆಯಿತು, ಇವತ್ತು ಅಕ್ಕನ ಹೆಸರು ಹೇಳದೆ ವಿಧಿಯಿಲ್ಲ ಎಂದುಕೊಂಡೆ. ಭಾವ ಒಂದು ಹುಂಜವನ್ನೆತ್ತಿ ಎದೆ ಸವರಿದರು, ಜುಟ್ಟು ನೋಡಿದರು, ಗದ್ದ ಮೇಲೇರಿತು.

“ವಿಷಯ ಸರಳ. ಚಳಿ! ಎಳೇ ಮೈಗೆ ಬಿಸಿ ಕಮ್ಮಿಯಾದ್ರೆ ಹೇಂಟೆ ಹುಂಜಕ್ಕೆ ತಿರುಗುತ್ತೆ. ನಾನು ಕೊಟ್ಟಿದ್ದು ಹೇಂಟೇನೇ.” ಹಾಗೆಂದು ಅಕ್ಕನ ಕಡೆ ನೋಡಿದರು, ಕ್ಷಮಿಸಿಬಿಟ್ಟವರಂತೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಚಳಿಗಾಲದಲ್ಲಿ ಅಕ್ಕನ ಪೆಟ್ಟಿಗೆಯಲ್ಲಿ ಒಂದು ಮರಿಯೂ ಸತ್ತಿರಲಿಲ್ಲ. ಮೇಲ್ವಿಚಾರಕಿಗೆ ಕೋಳಿಯ ವಿಷಯ ತಿಳಿಯದು, ಸಾಹೇಬರ ವಿಷಯ ಊರಿಗೇ ತಿಳಿದದ್ದು. ಅವರು ಅಕ್ಕನತ್ತ ತಿರುಗಿ ಮೆಲ್ಲಗೆ, “ಮುಂದಿನ ಸಲ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ ಅಮ್ಮಾ” ಎಂದರು. ಅಕ್ಕ ನನ್ನ ಮುಖ ನೋಡಿದಳು. ದಾರದ ಗುಟ್ಟು ಗೊತ್ತಿದ್ದ ಇನ್ನೊಬ್ಬ ಮನುಷ್ಯ ಆ ಕೋಣೆಯಲ್ಲಿ ನಾನೊಬ್ಬನೇ. ನಾನು ಬಿಸ್ಕತ್ತು ಮುರಿಯುತ್ತ ಕೂತೆ.

“ಆಗಲಿ” ಎಂದಳು ಅಕ್ಕ.

ವರ್ಷ ಕಳೆಯುವುದರೊಳಗೆ ಕೋಳಿ ಸಾಕುವವರ ಬಾಯಲ್ಲಿ ‘ಚಳಿಹುಂಜ’ ಎಂಬ ಪದವೇ ಹುಟ್ಟಿಕೊಂಡಿತು. ದೂರದವರು ಬಂದು ಸಾಹೇಬರಿಂದ ಅದರ ವಿವರಣೆ ಕೇಳಿಕೊಂಡು ಹೋಗುತ್ತಿದ್ದರು, ಹೋಗುವಾಗ ಹಿಂದಿನ ಕೋಣೆಯನ್ನು ಇಣುಕಿ ನೋಡಿ ಅಕ್ಕನಿಗೆ ಬುದ್ಧಿ ಹೇಳುತ್ತಿದ್ದರು.

ಭಾವ ತೀರಿಕೊಂಡು ಈಗ ನಾಲ್ಕು ವರ್ಷ. ಅಕ್ಕ ಇನ್ನೂ ಒಂದಷ್ಟು ಮರಿ ಸಾಕುತ್ತಾಳೆ. ಮೊನ್ನೆ ಹೋದಾಗ ಪೆಟ್ಟಿಗೆಯ ಮೇಲೆ ಎರಡು ಬಲ್ಬು ಉರಿಯುತ್ತಿದ್ದವು, ಮರಿಗಳು ಮೂಲೆಯಲ್ಲಿ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದವು. “ಇದೇನಕ್ಕಾ, ಸೆಕೆಗೆ ಬೇಯ್ತಿವೆಯಲ್ಲ” ಎಂದೆ. ಅವಳು ಮರಿಗಳತ್ತ ನೋಡಲೇ ಇಲ್ಲ, ಉಷ್ಣಮಾಪಕದ ಕಡೆ ಕಣ್ಣು ಕಿರಿದು ಮಾಡಿಕೊಂಡು, “ಇರಲಿ ಬಿಡೋ. ಆ ವರ್ಷ ನಾನು ಬಿಸಿ ಕಮ್ಮಿ ಮಾಡಿದ್ದು ನಿಜವೇ ಇರಬೇಕು” ಎಂದಳು.

ಬಲ್ಲವರೆಂದು ಹೆಸರು ಪಡೆದವರು ಯಾವ ಬೀದಿಯಲ್ಲೂ ಸಿಗುತ್ತಾರೆ; ಅವರು ಲೋಕವನ್ನು ನಂಬಿಸಿದರೆ ನನಗೆ ಸಿಟ್ಟಿಲ್ಲ, ಲೋಕ ನಂಬಲಿಕ್ಕೆಂದೇ ಕಾದು ಕುಳಿತಿರುತ್ತದೆ. ಆದರೆ ಕೈಯಾರೆ ಮಾಡಿ ಕಣ್ಣಾರೆ ಕಂಡು ಬಲ್ಲವರನ್ನು, ಅವರ ಕೈಯನ್ನೂ ಕಣ್ಣನ್ನೂ ಅವರೇ ನಂಬದ ಹಾಗೆ ಮಾಡಿ ಹೋಗುತ್ತಾರಲ್ಲ, ಅದಕ್ಕೆ ಕ್ಷಮೆಯಿಲ್ಲ. ಮತ್ತು ಅದನ್ನು ಅಂಥವರು ಒಬ್ಬರೇ ಮಾಡಲಾರರು. ಒಂದು ಮಾತು ಆಡಿದ್ದರೆ ಸಾಕಾಗಿದ್ದ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಲು ನನ್ನಂಥ ಒಬ್ಬ ತಮ್ಮನೂ ಬೇಕು.