ಚೆಲ್ಲುವ ಮಾತ್ರೆ, ಹಿಡಿಯುವ ಮಾತ್ರೆ

"ನಾನು ಕುಡಿಸಲ್ಲ ಸಿಸ್ಟರ್."

ಮಾತು ಬಾಯಿಂದ ಜಾರಿದ್ದು ಆ ನರ್ಸಿಂಗ್ ಹುಡುಗಿಗೇ ಆಮೇಲೆ ಗೊತ್ತಾಯಿತು. ಕೈಯಲ್ಲಿದ್ದ ಅಳತೆಯ ಲೋಟದೊಳಗೆ ಪೊಟ್ಯಾಸಿಯಂ ಸಿರಪ್ಪು ಇತ್ತು. ಒಂಬತ್ತನೇ ಮಂಚದ ದರ್ಜಿ ಬಾಯಿ ತೆರೆದವನು ತೆರೆದುಕೊಂಡೇ ಇದ್ದ. ಔಷಧಿ ಗಾಡಿ ತಳ್ಳುತ್ತ ಮುಂದಿನ ಮಂಚಕ್ಕೆ ಹೋಗಿದ್ದ ದೊಡ್ಡ ಸಿಸ್ಟರ್ ಹಿಂದಿರುಗಿ ನೋಡಿದರು.

"ಏನಂದೆ?"

"ಇವರಿಗೆ ಈ ಸಿರಪ್ಪು ಬೇಡ ಅನ್ಸತ್ತೆ ಸಿಸ್ಟರ್. ಇವರ ಮಾತ್ರೆ ಬದಲಾಗಿದೆ."

"ಶುರುವಾಯ್ತಪ್ಪ ಪ್ರಶ್ನೆಪತ್ರಿಕೆ!" ಎಂದರು ದೊಡ್ಡ ಸಿಸ್ಟರ್. ಎರಡನೇ ವರ್ಷದ ನರ್ಸಿಂಗ್ ಓದುತ್ತಿದ್ದ ಆ ಹುಡುಗಿಗೆ ವಾರ್ಡಿಗೆ ಬಂದ ಮೂರನೇ ದಿನವೇ ಅಂಟಿಕೊಂಡ ಹೆಸರು ಅದು. "ಬೋರ್ಡ್ ನೋಡು. ಒಂಬತ್ತು, ನೀರಿನ ಮಾತ್ರೆ. ನೀರಿನ ಮಾತ್ರೆ ಇದ್ದವರಿಗೆ ಸಿರಪ್ಪು. ಹನ್ನೆರಡು ವರ್ಷದಿಂದ ಹೀಗೇ ನಡೀತಿದೆ. ನೀನು ನಿನ್ನೆ ಬಂದವಳು."

ಬೋರ್ಡಿನಲ್ಲಿ ಹಾಗೆಯೇ ಇತ್ತು. ದಿನಾ ಬೆಳಿಗ್ಗೆ ವಾರ್ಡಿನ ಆಯಾ ಆ ಬಿಳಿ ಬೋರ್ಡನ್ನು ಒದ್ದೆ ಬಟ್ಟೆಯಿಂದ ಚೊಕ್ಕವಾಗಿ ಒರೆಸುತ್ತಿದ್ದಳು. ಆಮೇಲೆ ದೊಡ್ಡ ಸಿಸ್ಟರ್ ತಮ್ಮ ನೋಟ್‌ಬುಕ್ ನೋಡಿ ನಲವತ್ತು ಮಂಚಗಳ ಔಷಧಿಯನ್ನು ಮತ್ತೆ ಬರೆಯುತ್ತಿದ್ದರು. ಮೂತ್ರ ಇಳಿಸಿ ಮೈಯ ಬಾವು ತಗ್ಗಿಸುವ ಗುಳಿಗೆ ಯಾವುದೇ ಇರಲಿ, ಆ ವಾರ್ಡಿನಲ್ಲಿ ಅದಕ್ಕೆ ಒಂದೇ ಹೆಸರು. ನೀರಿನ ಮಾತ್ರೆ. ಡಾಕ್ಟರು ಚೀಟಿಯಲ್ಲಿ ಉದ್ದುದ್ದ ಬರೆದದ್ದು ನೋಟ್‌ಬುಕ್ಕಿಗೆ ಇಳಿಯುವಷ್ಟರಲ್ಲಿ ಈ ಎರಡು ಪದವಾಗುತ್ತಿತ್ತು. ನಲವತ್ತು ಮಂಚಕ್ಕೆ ಇಬ್ಬರೇ ನರ್ಸುಗಳನ್ನು ಕೊಟ್ಟು ಕೈ ತೊಳೆದುಕೊಂಡವರಿಗೆ ಆ ಎರಡು ಪದಗಳ ನಡುವೆ ಏನು ಬಿದ್ದುಹೋಯಿತು ಎಂಬ ಚಿಂತೆ ಯಾಕಿರಬೇಕು?

"ಸಿಸ್ಟರ್, ಮೊದಲು ಇದ್ದದ್ದು ಫ್ಯೂರೊಸೆಮೈಡ್. ಹೋದ ವಾರದಿಂದ ಸ್ಪೈರೊನೊಲ್ಯಾಕ್ಟೋನ್. ಎರಡೂ ಒಂದಲ್ಲ. ಡಾಕ್ಟರ ಚೀಟಿಯಲ್ಲಿ ಸಿರಪ್ಪೂ ಇಲ್ಲ."

"ಅವರು ಬರೆಯೋಕೆ ಮರೆತಿರ್ತಾರೆ. ನಾವು ನೆನಪಿಟ್ಕೋತೀವಿ. ಅದಕ್ಕೇ ನಾವಿರೋದು." ದೊಡ್ಡ ಸಿಸ್ಟರ್ ದನಿ ತಗ್ಗಿತು. ಕಿರುಚುವುದಕ್ಕಿಂತ ಅದೇ ಹೆಚ್ಚು ಹೆದರಿಸುವಂಥದ್ದು. "ನೋಡು, ನಿನ್ನ ಅಭ್ಯಾಸ ಪುಸ್ತಕಕ್ಕೆ ನಾಳೆ ಸಹಿ ಹಾಕಬೇಕಾದವಳು ನಾನು. ಸಹಿ ಇಲ್ಲ ಅಂದ್ರೆ ಪರೀಕ್ಷೆ ಇಲ್ಲ. ಕುಡಿಸ್ತೀಯೋ ಇಲ್ವೋ?"

ಕಾರಿಡಾರಿನ ತುದಿಯಲ್ಲಿ ನೆಲ ಒರೆಸುತ್ತಿದ್ದ ಆಯಾಳ ಕೋಲು ನಿಂತಿತು. ಹುಡುಗಿ ಆ ಕಡೆ ನೋಡಲಿಲ್ಲ. ನೋಡಬಾರದೆಂಬುದು ಮನೆಯಲ್ಲಿ ಆಗಿದ್ದ ಕರಾರು. ವಾರ್ಡಿಗೆ ಬಂದ ಮೊದಲ ದಿನವೇ ಅಮ್ಮ ಹೇಳಿದ್ದಳು: "ಅಲ್ಲಿ ನನ್ನ ಅಮ್ಮ ಅನ್ನಬೇಡ ಮಗಳೇ. ಆಯಾ ಅನ್ನು. ಕಸ ಗುಡಿಸೋಳ ಮಗಳು ಅಂತ ಗೊತ್ತಾದ್ರೆ ನಿನ್ನ ಕೈಲಿ ಸೂಜಿ ಕೊಡೋ ಮುಂಚೆ ಪೊರಕೆ ಕೊಟ್ಟಾರು."

"ಏನಮ್ಮ, ಕೊಡ್ತೀರೋ ಬಿಡ್ತೀರೋ?" ದರ್ಜಿ ತೆರೆದ ಬಾಯಿ ಮುಚ್ಚಿ ಕೇಳಿದ. "ಬಿಟ್ರೆ ನಂಗೇನು ದುಃಖ ಇಲ್ಲ. ಹಳೇ ಬೀಗದ ಕೈ ಚೀಪಿದಂಗಿರತ್ತೆ ಈ ಹಾಳು ನೀರು."

"ಅಣ್ಣ, ಕಾಲು ಹೇಗಿದೆ?"

"ನಂದಲ್ಲಮ್ಮ ಇದು. ಯಾರದೋ ಕಾಲು ಅಳತೆ ತಪ್ಪಿ ನಂಗೆ ಹೊಲಿದುಬಿಟ್ಟವ್ರೆ. ಮೊನ್ನೆವರೆಗೂ ಬಾಗಿಲವರೆಗೆ ನಾನೇ ನಡೀತಿದ್ದೆ. ಈವತ್ತು ಏಳೋಣ ಅಂದ್ರೆ ಮಾತೇ ಕೇಳ್ತಿಲ್ಲ."

ಅವನ ಮಣಿಕಟ್ಟನ್ನು ಅವಳು ಆಗಲೇ ಒಮ್ಮೆ ಹಿಡಿದು ನೋಡಿದ್ದಳು. ನಾಡಿ ನಿಮಿಷಕ್ಕೆ ನಲವತ್ತಾರು. ನಡುನಡುವೆ ಹೊಲಿಗೆ ಬಿಟ್ಟ ಹಾಗೆ ಒಂದು ಬಡಿತ ಮಾಯ. ಈಗ ಮತ್ತೆ ಹಿಡಿದಳು. ನಲವತ್ತನಾಲ್ಕು. ಬೆರಳ ಕೆಳಗೆ ಮನುಷ್ಯನೊಬ್ಬ ನಿಧಾನವಾಗಿ ದೂರ ಹೋಗುತ್ತಿದ್ದಾನೆ ಎನ್ನಿಸಿತು.

ಈ ಪಾಠವನ್ನು ಅವಳು ಹದಿನೈದು ದಿನದ ಹಿಂದೆ ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡಿದ್ದಳು. ಪುಸ್ತಕದಲ್ಲಿ ಎಲ್ಲ ಇತ್ತು, ತಲೆಗೆ ಮಾತ್ರ ಇಳಿಯುತ್ತಿರಲಿಲ್ಲ. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಕೇಳಿಸಿಕೊಂಡು, "ಅದೇನು ಗಿಣಿ ಥರ ಒದರ್ತೀಯ? ನಂಗೆ ಅರ್ಥ ಆಗೋ ಹಾಗೆ ಹೇಳು ನೋಡೋಣ" ಎಂದಿದ್ದಳು. ಮಗಳು ಹೇಳಿದ್ದಳು: ಮೈಯಲ್ಲಿ ಪೊಟ್ಯಾಸಿಯಂ ಅಂತ ಒಂದು ಲವಣ. ಹೃದಯ ಬಡಿಯೋದು, ಕೈಕಾಲು ಆಡೋದು ಅದರ ಅಳತೆಯ ಮೇಲೆ. ಕಮ್ಮಿ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ. ಒಂದು ಜಾತಿಯ ಮಾತ್ರೆ, ಫ್ಯೂರೊಸೆಮೈಡ್ ಥರದ್ದು, ಮೂತ್ರದ ಜೊತೆ ಅದನ್ನೂ ಹೊರಗೆ ಹಾಕುತ್ತೆ, ಅದನ್ನು ತುಂಬೋಕೇ ಸಿರಪ್ಪು. ಇನ್ನೊಂದು, ಸ್ಪೈರೊನೊಲ್ಯಾಕ್ಟೋನ್ ಥರದ್ದು, ಮೂತ್ರವನ್ನು ಮಾತ್ರ ಹೊರಗೆ ಬಿಟ್ಟು ಅದನ್ನು ಒಳಗೇ ಉಳಿಸುತ್ತೆ.

ಅಮ್ಮ ನೊರೆ ತುಂಬಿದ ಬಕೆಟ್ಟನ್ನು ದಿಟ್ಟಿಸಿದ್ದಳು. "ಅಂದ್ರೆ, ಒಂದು ಮಾತ್ರೆ ಬಕೆಟ್ ಬಗ್ಗಿಸಿ ನೀರಿನ ಜೊತೆ ಸೋಪಿನ ಬಿಲ್ಲೇನೂ ಚೆಲ್ಲತ್ತೆ. ಇನ್ನೊಂದು ಬಿಲ್ಲೇನ ಕೈಯಲ್ಲಿ ಹಿಡ್ಕೊಂಡು ನೀರು ಮಾತ್ರ ಚೆಲ್ಲತ್ತೆ. ಅಷ್ಟೇ ತಾನೇ?"

"ಅಷ್ಟೇ ಅಮ್ಮ!"

"ಹಾಗಾದ್ರೆ ಹಿಡ್ಕೊಂಡಿರೋನ ಬಕೆಟ್‌ಗೆ ಮೇಲಿಂದ ಮೇಲೆ ಸೋಪು ಹಾಕೋ ಹುಚ್ಚು ಯಾರಿಗಿರತ್ತೆ?"

ಆ ಹುಚ್ಚೇ ಈಗ ಹದಿನೈದು ಮಿಲಿಲೀಟರ್ ಆಗಿ ಅವಳ ಕೈಯಲ್ಲಿತ್ತು.

"ಕುಡಿಸಲ್ಲ ಸಿಸ್ಟರ್. ಡಾಕ್ಟರು ನೋಡೋವರೆಗೂ ಈ ಲೋಟ ನನ್ನ ಕೈಯಲ್ಲೇ ಇರತ್ತೆ. ಈಗಲೇ ಅವರನ್ನ ಕರೆಸಿ."

"ಓಹೋ! ಡಾಕ್ಟರನ್ನ ಕರೆಸಬೇಕಂತೆ ಇವಳ ಅಪ್ಪಣೆ ಮೇಲೆ!"

"ನೀವು ಕರೆಸದಿದ್ರೆ ನಾನೇ ಹೋಗ್ತೀನಿ." ಅವಳು ಹೊರಟೇಬಿಟ್ಟಳು. ಒಂದು ಹನಿ ಚೆಲ್ಲದಂತೆ ಲೋಟವನ್ನು ಎದೆಯ ಮಟ್ಟಕ್ಕೆ ಹಿಡಿದು, ಒಂಬತ್ತನೇ ಮಂಚದ ಚೀಟಿಯನ್ನು ಕಂಕುಳಲ್ಲಿ ಇರುಕಿಕೊಂಡು, ನಲವತ್ತು ಮಂಚಗಳ ನಡುವೆ. ರೋಗಿಗಳು ದಿಂಬಿನಿಂದ ತಲೆಯೆತ್ತಿ ನೋಡಿದರು. "ಎಲ್ಲಿಗಮ್ಮ ಮೆರವಣಿಗೆ?" ಎಂದು ಯಾರೋ ನಕ್ಕರು.

ಮೆಟ್ಟಿಲ ಬಳಿಯೇ ಹಿರಿಯ ಡಾಕ್ಟರು ಎದುರಾದರು, ಬೆಳಗಿನ ರೌಂಡ್ಸಿಗೆ ಬರುತ್ತಿದ್ದವರು. ಹಿಂದೆಯೇ ದೊಡ್ಡ ಸಿಸ್ಟರ್ ಓಡಿ ಬಂದರು. "ಕ್ಷಮಿಸಿ ಡಾಕ್ಟ್ರೇ, ಹೊಸ ಹುಡುಗಿ, ಔಷಧಿ ಕೊಡಲ್ಲ ಅಂತ ಹಟ ಮಾಡ್ತಿದ್ದಾಳೆ."

ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು. ಮಾತ್ರೆ ಬದಲಾದ ದಿನ, ನಿಲ್ಲದ ಸಿರಪ್ಪು, ಕಾಲಿನ ಸೋಲು, ನಲವತ್ತನಾಲ್ಕರ ನಾಡಿ. "ಮೂತ್ರವೂ ಕಮ್ಮಿಯಾಗಿದೆ ಡಾಕ್ಟ್ರೇ. ಮುಂಚೆ ಹಗಲೊಂದರಲ್ಲೇ ಮಂಚದ ಕೆಳಗಿನ ಡಬ್ಬ ಎರಡು ಸಲ ತುಂಬ್ತಿತ್ತು, ಮೂರು ದಿನದಿಂದ ಅರ್ಧ ಡಬ್ಬವೂ ಇಲ್ಲ."

ಡಾಕ್ಟರು ಚೀಟಿ ತಿರುವಿದರು. "ಇದರಲ್ಲಿ ಅಳತೆ ಬರೆದೇ ಇಲ್ಲ. ನಿನಗೆ ಯಾರು ಹೇಳಿದ್ದು?"

ಕಾರಿಡಾರು ಒಮ್ಮೆಗೇ ಉದ್ದವಾದಂತೆ ಅನ್ನಿಸಿತು. ಆ ತುದಿಯಲ್ಲಿ ಅಮ್ಮ ಬೇಡ, ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು.

"ನಮ್ಮಮ್ಮ," ಎಂದಳು ಹುಡುಗಿ. "ಅಲ್ಲಿದ್ದಾಳಲ್ಲ, ನೆಲ ಒರೆಸ್ತಿದ್ದಾಳೆ. ಅವಳು ನಮ್ಮಮ್ಮ."

ಎಲ್ಲರೂ ಅತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಈ ವಾರ್ಡಿನ ಮಲಮೂತ್ರ ಹೊತ್ತ ಹೆಂಗಸು. ಯಾವ ಮಂಚದ ಡಬ್ಬ ಎಷ್ಟು ಭಾರ, ಯಾವುದರ ಬಣ್ಣ ಏನು, ಯಾವುದು ಬೆಳಿಗ್ಗೆ ಬರಿದಾಗಿತ್ತು ಎಂಬುದೆಲ್ಲ ಅವಳ ಕೈಗೆ, ಕಣ್ಣಿಗೆ ಗೊತ್ತಿತ್ತು. ಆ ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಬೇಗ ಗುಡಿಸು ಎಂದಿದ್ದರು ಅಷ್ಟೆ.

"ಆಯಾ ಮಾತು ಕೇಳ್ಕೊಂಡು..." ದೊಡ್ಡ ಸಿಸ್ಟರ್ ಶುರು ಮಾಡಿದರು.

ಡಾಕ್ಟರು ಕೈಯೆತ್ತಿ ತಡೆದರು. "ಅಮ್ಮಾ, ಇಲ್ಲಿ ಬನ್ನಿ. ಒಂಬತ್ತನೇ ಮಂಚದವರದ್ದು ಯಾವಾಗಿನಿಂದ ಕಮ್ಮಿ?"

ಅಮ್ಮ ಕೋಲನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಬಂದಳು. ಮೊದಲು ನೆಲವನ್ನೇ ನೋಡಿದಳು. ಆಮೇಲೆ ಮಗಳ ಕೈಯ ಲೋಟ ಕಂಡಿತು, ಮಾತು ನೆಟ್ಟಗಾಯಿತು. "ಮೊನ್ನೆಯ ಆಚೆ ದಿನದಿಂದ ಡಾಕ್ಟ್ರೇ. ಸಿಸ್ಟರಿಗೆ ಹೇಳಿದ್ದೆ. ನೀನು ನೆಲ ನೋಡು ಅಂದ್ರು. ನೋಡ್ತಾನೇ ಇದ್ದೀನಿ. ನೆಲ ನೋಡೋರಿಗೆ ಮಂಚದ ಕೆಳಗಿರೋದು ಮೊದಲು ಕಾಣತ್ತೆ."

ಡಾಕ್ಟರು ಆಮೇಲೆ ನಡೆಯಲಿಲ್ಲ, ಓಡಿದರು.

ಇಸಿಜಿ ಯಂತ್ರದಿಂದ ಕಾಗದ ಹೊರಳಿ ಬಂತು. ದುಂಡಗಿರಬೇಕಾದ ಅಲೆಗಳು ಗುಡಾರದ ತುದಿಯಂತೆ ಚೂಪಾಗಿ ನಿಂತಿದ್ದವು. ಪೊಟ್ಯಾಸಿಯಂ ಮಿತಿಮೀರಿದರೆ ಹೀಗೆ ಎಂದು ಪುಸ್ತಕದಲ್ಲಿ ನೋಡಿದ ಚಿತ್ರವೇ, ಆದರೆ ಇದರ ಹಿಂದೆ ಒಬ್ಬ ಮನುಷ್ಯ ಉಸಿರಾಡುತ್ತಿದ್ದ. "ರಕ್ತದ ವರದಿಗೆ ಕಾಯೋದು ಬೇಡ. ಕ್ಯಾಲ್ಸಿಯಂ ತನ್ನಿ, ಬೇಗ. ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿ. ಆಮೇಲೆ ಪೊಟ್ಯಾಸಿಯಂ ಇಳಿಸೋಕೆ ಗ್ಲೂಕೋಸ್ ಜೊತೆ ಇನ್ಸುಲಿನ್," ಎಂದರು ಡಾಕ್ಟರು. ದೊಡ್ಡ ಸಿಸ್ಟರ್‌ ಮುಖ ಸುಣ್ಣವಾಗಿತ್ತು. ಆದರೂ ಮೊದಲ ಏಟಿಗೇ ಸೂಜಿ ನರಕ್ಕೆ ಸೇರಿತು. ಕ್ಯಾಲ್ಸಿಯಂ ನಿಧಾನವಾಗಿ ಒಳಗಿಳಿಯುವಾಗ ಹುಡುಗಿ ಇಸಿಜಿ ಯಂತ್ರದ ಪರದೆಯ ಮೇಲಿನ ಗೆರೆಯನ್ನೇ ನೋಡುತ್ತ ನಿಂತಳು. ಗುಡಾರಗಳು ಒಂದೊಂದಾಗಿ ತಗ್ಗಿದವು.

ರಕ್ತದ ವರದಿ ಬಂದಾಗ ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು. "ಪೊಟ್ಯಾಸಿಯಂ ಏಳು ಪಾಯಿಂಟ್ ಒಂದು. ಐದರೊಳಗೆ ಇರಬೇಕಾದ್ದು." ಅವಳು ಇನ್ನೂ ಹಿಡಿದುಕೊಂಡೇ ಇದ್ದ ಲೋಟದ ಕಡೆ ನೋಡಿದರು. "ಅದೊಂದು ಗುಟುಕು ಹೋಗಿದ್ದರೆ ನಾನು ಈಗ ಬೇರೆ ಕಾಗದಕ್ಕೆ ಸಹಿ ಹಾಕ್ತಿದ್ದೆ."

ಇಳಿಹೊತ್ತಿನಲ್ಲಿ ದರ್ಜಿ ಕಾಲ್ಬೆರಳು ಆಡಿಸಿ ನೋಡಿಕೊಂಡ. "ಬಂತು ಕಣಮ್ಮ, ನಂದೇ ಕಾಲು ವಾಪಸ್ ಬಂತು! ಪ್ರಶ್ನೆಪತ್ರಿಕೆ ಅಂತಾರಲ್ಲ ನಿನ್ನ, ಉತ್ತರಾನೂ ನಿನ್ನ ಹತ್ರಾನೇ ಇತ್ತಲ್ಲ! ಎದ್ದ ಮೇಲೆ ಮೊದಲನೇ ಹೊಲಿಗೆ ನಿನ್ನ ಬಿಳಿ ಕೋಟು." ಹತ್ತನೇ ಮಂಚ ಚಪ್ಪಾಳೆ ತಟ್ಟಿತು. ಹನ್ನೊಂದೂ ತಟ್ಟಿತು. ಆಮೇಲೆ ಯಾರು ತಟ್ಟಿದರು, ಯಾರು ಬಿಟ್ಟರು ಗೊತ್ತಾಗಲಿಲ್ಲ. ಕೈಗೆ ಸೂಜಿ ಚುಚ್ಚಿಸಿಕೊಂಡವರು ಮಂಚದ ಕಂಬಿಗೆ ಚಮಚ ಬಡಿದರು.

ದೊಡ್ಡ ಸಿಸ್ಟರ್ ಗಲಾಟೆ ನಿಲ್ಲಿಸಲಿಲ್ಲ. ಮೇಜಿನ ಮುಂದೆ ಕೂತು, ಕೇಳುವ ಮುಂಚೆಯೇ ಅಭ್ಯಾಸ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು. "ಬರೆಯೋಕೆ ಪುರುಸೊತ್ತಿಲ್ಲ ಅಂತ ಗಿಡ್ಡ ಮಾಡಿದೆ," ಎಂದರು, ಯಾರಿಗೋ ಎಂಬಂತೆ. "ಇಬ್ಬರೇ ನಾವು. ಮೂರನೆಯವಳನ್ನ ಕೊಡಿ ಅಂತ ಎಷ್ಟು ಅರ್ಜಿ ಬರೆದೆ." ನೋಟ್‌ಬುಕ್ಕಿನ ಒಂಬತ್ತನೇ ಸಾಲನ್ನು ಎರಡು ಸಲ ಗೀಚಿ ಹೊಡೆದುಹಾಕಿದರು. ಆಮೇಲೆ ಬೋರ್ಡಿನ ಪೆನ್ನು ತೆಗೆದು ಅವಳ ಮುಂದೆ ಇಟ್ಟರು.

"ನೀನೇ ಬರಿ. ಯಾವ ನೀರಿನ ಮಾತ್ರೆ ಏನು ಮಾಡತ್ತೆ ಅಂತ ಎಲ್ಲರಿಗೂ ತಿಳಿಯೋ ಹಾಗೆ ಬರಿ. ಡಬ್ಬದ ಅಳತೆಗೂ ಒಂದು ಸಾಲು ಬಿಡು. ಅದನ್ನ ನಿಮ್ಮ ಅಮ್ಮನ್ನೇ ಕೇಳಿ ತುಂಬ್ತೀನಿ."

ಮಾರನೇ ವಾರ ಮೊದಲ ವರ್ಷದ ಹದಿನೆಂಟು ಹುಡುಗಿಯರು ಆ ಬೋರ್ಡಿನ ಮುಂದೆ ನಿಂತು ಬರೆದುಕೊಂಡರು. ಪಾಠ ಹೇಳಿದವಳು ಪ್ರಶ್ನೆಪತ್ರಿಕೆಯೇ. ಒಂದು ಬಕೆಟ್ಟು, ಒಂದು ಸೋಪಿನ ಬಿಲ್ಲೆ ಇಟ್ಟುಕೊಂಡು ಹೇಳಿದಳು, ಯಾರೂ ಆಕಳಿಸಲಿಲ್ಲ. "ಈ ಉದಾಹರಣೆ ಯಾವ ಪುಸ್ತಕದ್ದು ಅಕ್ಕ?" ಎಂದು ಒಬ್ಬಳು ಕೇಳಿದ್ದಕ್ಕೆ, "ನಮ್ಮಮ್ಮಂದು" ಎಂದಳು, ಗಟ್ಟಿಯಾಗಿ.

ಮರುದಿನ ಬೆಳಿಗ್ಗೆ ಆಯಾ ಎಂದಿನಂತೆ ಒದ್ದೆ ಬಟ್ಟೆ ಹಿಂಡಿಕೊಂಡು ಬೋರ್ಡಿನ ಬಳಿ ಬಂದಳು. ಹಿಂದಿನ ದಿನದ್ದನ್ನೆಲ್ಲ ಒರೆಸಿದಳು. ಮೇಲಿನ ಮೂಲೆಯಲ್ಲಿ ಮಗಳ ದುಂಡು ಅಕ್ಷರದ ಸಾಲು ಇತ್ತು. ಅವಳು ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಚೆ-ಲ್ಲು-ವು-ದು. ಹಿ-ಡಿ-ಯು-ವು-ದು.

ಬಟ್ಟೆಯ ಒಂದು ಮೂಲೆಯನ್ನು ಬೆರಳಿಗೆ ಸುತ್ತಿಕೊಂಡು, ಆ ಎರಡು ಪದಗಳ ಸುತ್ತಲೂ, ಒಂದು ಕೊಂಬಿಗೂ ತಾಗದಂತೆ, ನಿಧಾನವಾಗಿ ಒರೆಸತೊಡಗಿದಳು.